ಬೆನ್ನಿಲ್ಲದ ನವಿಲುರಾಜ

ಈ ಸಲ ಕನ್ನಡ ಸಂಘದ ನಾಟಕದಲ್ಲಿ ರಾಜನ ಉಡುಪು ನೋಡಿ ಇಡೀ ಸಿಯಾಟಲ್ ರೆಪ್ಪೆ ಬಡಿಯುವುದನ್ನೇ ಮರೆಯಬೇಕು! ಹಾಗೆಂದು ಪಕ್ಕದ ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ಸೌಟು ಹಿಡಿದು ಘೋಷಿಸಿದೆ. ನಾಟಕ ಬರೆದು ಆಡಿಸುತ್ತಿದ್ದವಳು ನನ್ನ ಹೆಂಡತಿ ಶರ್ವಾಣಿ. ರಾಜನ ಪಾತ್ರ ನನ್ನದು. ಬೇರೆ ಯಾರೂ ಒಪ್ಪಿರಲಿಲ್ಲ.

“ಸುಮ್ನ ಒಂದು ಶೇರ್ವಾನಿ ತರಿಸ್ರಿ. ನನ್ನ ಮೊದಲ್ನೇ ನಾಟಕ, ಮರ್ಯಾದಿ ಕಳೀಬ್ಯಾಡ್ರಿ.”

“ಶೇರ್ವಾನಿ ಮದುಮಕ್ಕಳಿಗಾತು. ನಾನು ರಾಜ!”

ನನಗಾಗಲೇ ಸ್ನೊಕ್ವಾಲ್ಮಿ ಊರಿನ ಹಳೆ ಸಾಮಾನಿನ ಅಂಗಡಿಯಲ್ಲಿ ನಿಧಿ ಸಿಕ್ಕಿತ್ತು. ನೂರು ವರ್ಷದ ಹಿಂದೆ, ಹಾಡು ಕುಣಿತ ನಗೆಚಾಟಿಕೆ ಎಲ್ಲ ಒಂದೇ ರಂಗದಲ್ಲಿ ನಡೆಯುತ್ತಿದ್ದ ಇಂಗ್ಲೆಂಡಿನ ಯಾವುದೋ ಮ್ಯೂಸಿಕ್ ಹಾಲ್‌ಗೆಂದು ಬರೆದ ವೇಷದ ಚಿತ್ರ. ಜಲವರ್ಣದ ನವಿಲುರಾಜ! ಎದೆಯ ತುಂಬ ಚಿನ್ನದ ಕಣ್ಣುಗಳು, ಭುಜದ ಮೇಲೆ ಗರಿಗಳು, ದರ್ಜಿಗೆ ಮಾದರಿಯಾಗಿ ಮೂಲೆಯಲ್ಲಿ ಪಿನ್ನು ಚುಚ್ಚಿದ ರೇಷ್ಮೆಯ ಚೂರು. ಅಂದೇ ಸಂಜೆ ಗಾಜು, ರಟ್ಟು, ಕಟ್ಟು ಎಲ್ಲ ಹಾಕಿ ಗೋಡೆಗೇರಿಸಿದೆ.

ಹೊಲಿಗೆ ಯಂತ್ರ ಪಕ್ಕದ ಮನೆಯ ಯಾಮಿನಿಯವರದು. ಬಟ್ಟೆ ಶರ್ವಾಣಿಯ ನವಿಲುಬಣ್ಣದ ಇಳಕಲ್ ಸೀರೆ. ಕೇಳಿಯೇ ತೆಗೆದುಕೊಂಡೆ, ಉತ್ತರಕ್ಕೆ ಕಾಯಲಿಲ್ಲ, ಅಷ್ಟೇ!

ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಪುಸ್ತಕದಲ್ಲಿದ್ದದ್ದನ್ನು ಒಂದಕ್ಷರ ಬಿಡದೆ, ಇಲ್ಲದ್ದನ್ನು ಒಂದಕ್ಷರ ಸೇರಿಸದೆ ಪಾಸಾದವನು. ಉಡುಪನ್ನೂ ಹಾಗೆಯೇ ಹೊಲಿದೆ. ಗರಿಗೆ ಗರಿ, ಕಣ್ಣಿಗೆ ಕಣ್ಣು! ನಾಟಕದ ದಿನ ಗ್ರೀನ್ ರೂಮಿನಲ್ಲಿ ತೊಟ್ಟು ನಿಂತೆ. ಶರ್ವಾಣಿಯ ಕಣ್ಣು ಅರಳಿತು. ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಅರ್ಧದಲ್ಲೇ ನಿಂತಳು.

“ಅಯ್ಯ, ಹಿಂದ ಏನೂ ಇಲ್ಲಲ್ರೀ!”

“ಚಿತ್ರದಾಗ ಇರಲಿಲ್ಲ.”

“ಚಿತ್ರದಾಗ ನಿಮ್ಮ ಹೊಟ್ಟೀನೂ ಇರಲಿಲ್ಲ! ಅದನ್ನ ತಂದೀರಲ್ಲ?”

ಬೆನ್ನಿನ ಮೇಲೆ ಪೈಜಾಮದ ಲಾಡಿಯಿಂದ ನಾಲ್ಕು ಗಂಟು, ಒಳಗೆ ಆಫೀಸಿನ ಪುಕ್ಕಟೆ ಟೀ ಶರ್ಟು, ಕೆಳಗೆ ಹಳೆಯ ಚಡ್ಡಿ. ಅಷ್ಟರಲ್ಲಿ ಗಂಟೆ ಹೊಡೆಯಿತು. ನಿರ್ದೇಶಕಿಯ ಕೊನೆಯ ಅಪ್ಪಣೆ: “ಸತ್ತರೂ ತಿರುಗಬ್ಯಾಡ್ರಿ!”

ತಿರುಗಲಿಲ್ಲ. ಮಂತ್ರಿ ಹಿಂದೆ ನಿಂತು ಮಾತಾಡಿದರೂ ಪ್ರೇಕ್ಷಕರನ್ನೇ ನೋಡುತ್ತ ಉತ್ತರಿಸಿದೆ. ರಾಣಿ ಎಡಕ್ಕೆ ಕರೆದರೆ ಏಡಿಯ ಹಾಗೆ ಅಡ್ಡಡ್ಡ ಸರಿದೆ. ಯುದ್ಧಕ್ಕೆ ಹಿಮ್ಮುಖವಾಗಿ ಹೊರಟೆ. ಸಿಂಹಾಸನಕ್ಕೆ ಕಾಲು ತಾಗಿ ಅದರಲ್ಲೇ ಕುಸಿದು ಕೂತೆ. ಚಪ್ಪಾಳೆಯೋ ಚಪ್ಪಾಳೆ! ನಾಟಕ ಮುಗಿಯಿತು, ಮರ್ಯಾದೆ ಉಳಿಯಿತು. ಪರದೆಯ ಸಂದಿಯಿಂದ ಶರ್ವಾಣಿ ಮದುವೆಯಾದ ವರ್ಷ ನಕ್ಕ ಹಾಗೆ ನಕ್ಕಳು.

ಆಗ ಸಂಘದ ಹಿರಿಯರಾದ ದೇವೀರಮ್ಮನವರು ಹೂಗುಚ್ಛ ಹಿಡಿದು ರಂಗಕ್ಕೆ ಬಂದು ನನ್ನ ಹಿಂದೆ, ಪರದೆಯ ಬಳಿ ನಿಂತರು. “ಎಂಥಾ ರಾಜ ಕಣಪ್ಪ! ಪ್ರಜೆಗಳಿಗೆ ಒಂದ್ಸಲಾನೂ ಬೆನ್ನು ತೋರಿಸ್ಲಿಲ್ಲ!”

ಹಿರಿಯರನ್ನು ಕಂಡೊಡನೆ ಕಾಲಿಗೆರಗುವುದು ನನಗೆ ಹುಟ್ಟಿನಿಂದ ಬಂದದ್ದು. ಬುದ್ಧಿಗೆ ಗೊತ್ತಾಗುವ ಮೊದಲೇ ಸೊಂಟಕ್ಕೆ ಗೊತ್ತಾಗುತ್ತದೆ. ತಿರುಗಿದೆ, ಬಾಗಿದೆ, ಪಾದ ಮುಟ್ಟಿದೆ.

ಸಭಾಂಗಣದಲ್ಲಿ ನಗೆಯ ಸ್ಫೋಟ! ನಾನು ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವನು. ನಮ್ಮ ತಂಡದ ಟೀ ಶರ್ಟಿನ ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದದ್ದು: ‘ಪರೀಕ್ಷಿಸದೆ ಏನನ್ನೂ ಹೊರಗೆ ಬಿಡಬೇಡಿ.’ ಅದರ ಕೆಳಗೆ ಚಡ್ಡಿ. ಚಡ್ಡಿಯ ಹರಿದ ಭಾಗದ ವರ್ಣನೆ ಬೇಡ.

ಮನೆಗೆ ಬಂದವಳೇ ಶರ್ವಾಣಿ ಚಿತ್ರವನ್ನು ಅಂಗಡಿಗೆ ವಾಪಸು ಕೊಡಲೆಂದು ಗೋಡೆಯಿಂದಿಳಿಸಿ ನಾನು ಹಾಕಿದ ರಟ್ಟು ಕಿತ್ತಳು. ಹಾಳೆಯ ಹಿಂಬದಿಯನ್ನು ನನ್ನ ಮೂಗಿಗೆ ಹಿಡಿದಳು.

ಅಲ್ಲಿ ಅದೇ ನವಿಲುರಾಜ, ನಮಗೆ ಬೆನ್ನು ಹಾಕಿ ನಿಂತಿದ್ದ. ಹೆಗಲಿಂದ ನೆಲದವರೆಗೆ ಜರಿ, ಗುಂಡಿ, ಹರಡಿದ ಬಾಲ, ಒಂದಕ್ಕೂ ಕೊರತೆಯಿಲ್ಲ!

“ಅಲ್ರೀ,” ಎಂದಳು ತಣ್ಣಗೆ, “ಡಿಗ್ರಿ ಪುಸ್ತಕಾನೂ ಹಿಂಗ ಒಂದೇ ಮಗ್ಗಲ ಓದಿದ್ರೇನು?”