ಪಾಸ್ಟರ ಪಗಾರ ಇಳಿದದ್ದು

ತಪ್ಪು ಒಪ್ಪಿಕೊಳ್ಳುವುದಕ್ಕೆ ನಮ್ಮ ವೃತ್ತಿಯಲ್ಲಿ ಗೊತ್ತಾದ ಜಾಗವೊಂದಿದೆ: ಒಳಪುಟದ ಕೆಳಮೂಲೆ, ಎರಡು ಸಾಲು, ಸಣ್ಣ ಅಕ್ಷರ. ಓದುಗರು ಅಲ್ಲಿಗೆ ತಲುಪುವಷ್ಟರಲ್ಲಿ ಪೇಪರು ಮಂಡಕ್ಕಿ ಗಿರ್ಮಿಟ್ಟಿನ ಕೆಳಗೆ ಹೋಗಿರುತ್ತದೆ. ಗಂಗಾವತಿಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ವರದಿಗಾರನಾಗಿರುವ ನಾನು ಆ ಮೂಲೆಯನ್ನು ಕಡಿಮೆ ಬಳಸಿದವನೆಂದು ಹೆಮ್ಮೆಪಟ್ಟುಕೊಂಡಿದ್ದೆ. ಆದರೆ ನಮ್ಮ ಪಾಸ್ಟರ ವಿಷಯದಲ್ಲಿ ನಾನು ಮಾಡಿದ ತಪ್ಪು ಎರಡು ಸಾಲಿಗೆ ಹಿಡಿಸುವಂಥದ್ದಲ್ಲ.

ನಮ್ಮದು ಅರವತ್ತು ಮನೆಗಳ ಸಣ್ಣ ಚರ್ಚು. ಪೇಪರಿನಲ್ಲಿ ಬರೆಯುವವನಿಗೆ ಲೆಕ್ಕದ ಪುಸ್ತಕ ಯಾವ ಮಹಾ ಎಂದು ಕಮಿಟಿಯವರು ನನ್ನನ್ನು ಖಜಾಂಚಿ ಮಾಡಿದರು. ಪಾಸ್ಟರಿಗೆ ತಿಂಗಳಿಗೆ ಹದಿನೈದು ಸಾವಿರ ಎಂದು ಕಮಿಟಿ ನಿರ್ಣಯಿಸಿದ ಠರಾವು ಮೊದಲೇ ಇತ್ತು. ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಹಣದ ಲಕೋಟೆ ಅವರ ಕೈಗೆ ಕೊಡುವುದು ರೂಢಿ. ಅವರು ಅಲ್ಲೇ ಲಕೋಟೆ ಬಿಚ್ಚಿ, ಹತ್ತರಲ್ಲೊಂದು ಪಾಲು ತೆಗೆದು ಕಾಣಿಕೆ ಚೀಲಕ್ಕೆ ಹಾಕುತ್ತಿದ್ದರು. ಯಾರದೋ ಮನೆಯಲ್ಲಿ ಕಾಯಿಲೆಯಿದ್ದರೆ, ಚರ್ಚಿನ ಫ್ಯಾನು ಸುಟ್ಟಿದ್ದರೆ, ಇನ್ನೊಂದಿಷ್ಟು. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕೆಂಬುದು ನನ್ನ ಶಿಸ್ತು. ಅವರು ಕೊನೆಗೆ ಜೇಬಿಗಿಟ್ಟುಕೊಂಡದ್ದೆಷ್ಟು ಎಂದು ನೋಡಿ, ಅಷ್ಟನ್ನೇ ಪುಸ್ತಕದಲ್ಲಿ ಬರೆದೆ. ನನಗಿಂತ ಮೊದಲಿನವರು ಏನೂ ಬರೆಯುತ್ತಿರಲಿಲ್ಲ. ಹಾಗಾಗಿ ನನ್ನ ಕಾಲದಲ್ಲಿ ಲೆಕ್ಕ ಸುಧಾರಿಸಿದೆ ಎಂದೇ ನಾನು ತಿಳಿದಿದ್ದೆ.

ಪಾಸ್ಟರ ಮಗಳು ರೂತ್‌ಗೆ ಕೊಪ್ಪಳದಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಫೀ ತುಂಬಲು ಉಳಿದದ್ದು ಹನ್ನೆರಡು ದಿನ. ಶಿಕ್ಷಣ ಸಾಲಕ್ಕೆ ತಂದೆಯ ಪಗಾರದ ದಾಖಲೆ ಬೇಕೆಂದರು. ನಾನು ಪುಸ್ತಕದಿಂದ ಅಂಕಿಗಳನ್ನು ಎತ್ತಿ, ಸಹಿ ಹಾಕಿ, ಮೊಹರು ಒತ್ತಿ, ಪಾಸ್ಟರ ಜೊತೆ ಬ್ಯಾಂಕಿಗೆ ಹೋದೆ. ಬ್ಯಾಂಕಿನ ಮೇಡಂ ಬೆರಳಿಟ್ಟು ಓದಿದರು.

“ಏಪ್ರಿಲ್ ಹದಿಮೂರೂವರಿ, ಮೇ ಹದಿಮೂರು, ಜೂನ್ ಹನ್ನೊಂದೂವರಿ. ತಿಂಗಳಾ ತಿಂಗಳಾ ಪಗಾರ ಇಳಿಯಾಕತ್ತೈತಲ್ರೀ. ದಂಡ ಹಾಕೀರೇನು? ಅಂಥಾದ್ದು ಏನ್ ಮಾಡ್ಯಾರ್ರೀ ಇವರು?”

ಆರು ತಿಂಗಳಲ್ಲಿ ಪಾಸ್ಟರು ಎಷ್ಟೆಷ್ಟು ಕರುಣೆ ತೋರಿಸಿದ್ದರೋ ಅಷ್ಟಷ್ಟೂ ನನ್ನ ಸಹಿಯೊಂದಿಗೆ ಅವರ ಅಪರಾಧದ ಪಟ್ಟಿಯಾಗಿತ್ತು. ಆ ವರಮಾನಕ್ಕೆ ಸಾಲ ಕಷ್ಟ ಎಂದು ಹೇಳಿ ಮೇಡಂ ಕಾಗದ ವಾಪಸು ಕೊಟ್ಟರು.

ಅಲ್ಲಿಂದ ನೇರ ತೆರಿಗೆ ಸಲಹೆಗಾರ ಹುಸೇನ್ ಸಾಬರ ಅಂಗಡಿಗೆ ಹೋದೆವು. ಅವರು ಪುಸ್ತಕ ನೋಡಿ ಕನ್ನಡಕ ತೆಗೆದರು. “ಕೈಗೆ ಹದಿನೈದು ಕೊಟ್ಟೀರಿಲ್ಲೋ? ಅದು ಪಗಾರ. ಕೈಗೆ ಬಂದ ಮ್ಯಾಲೆ ಅವರು ಹಾಕಿದ್ದು ದಾನ. ದಾನ ಮಾಡಿದ್ರ ಪಗಾರ ಕಮ್ಮಿ ಆಗತೈತೇನ್ರೀ? ಪಾಸ್ಟರ್ ಆಗ್ಲಿ, ಪೂಜಾರಿ ಆಗ್ಲಿ, ನಮ್ಮ ಇಮಾಮ್ ಸಾಬ್ರ ಆಗ್ಲಿ, ಠರಾವು ಮಾಡಿ ತಿಂಗಳಾ ಕೊಟ್ರ ಕಾನೂನಿಗೆ ಅದು ಪಗಾರನ. ಇವರದು ಟ್ಯಾಕ್ಸ್ ಬೀಳೂವಷ್ಟಿಲ್ಲ. ಬಿದ್ದಿದ್ರ ನೀವು ಖಜಾಂಚಿ ಆಗಿ ಪಗಾರದಾಗ ಮೊದ್ಲ ಹಿಡಕೊಂಡು ಸರ್ಕಾರಕ್ಕ ತುಂಬಬೇಕಿತ್ತು. ಇರಾಕ ಮನಿ ಕೊಟ್ಟೀರೇನು?”

“ಚರ್ಚಿನ ಹಿಂದ ಎರಡು ಖೋಲಿ ಅದಾವ್ರಿ. ಮಳೀಗಿ ಸೋರತಾವು,” ಎಂದೆ.

“ಸೋರೂದು ಬರಿಬ್ಯಾಡ್ರಿ. ಮನಿ ಕೊಟ್ಟೀವಿ ಅಂತ ಬರೀರಿ, ಅದೂ ವರಮಾನದ ಲೆಕ್ಕಕ್ಕ ಬರತೈತಿ. ಹಳೇ ಪುಟ ತಿದ್ದಬ್ಯಾಡ್ರಿ ಮತ್ತ. ಕಮಿಟಿ ಕೂಡಸ್ರಿ, ತಪ್ಪಾಗೈತಿ ಅಂತ ಹೊಸ ಠರಾವು ಬರೀರಿ, ಪೂರಾ ಹದಿನೈದು ಮುಟ್ಟೈತಿ ಅಂತ ಇವರ ಸಹಿ ತೊಗೋರಿ.”

ಆ ಭಾನುವಾರ ಕಮಿಟಿ ಕೂಡಿತು. ಹಿರಿಯರಾದ ಯೋಹಾನ ಮಾಸ್ತರು, ನವಲಿಯ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಹೆದರಿಸಿ ನಿವೃತ್ತರಾದವರು, ಪಗಾರ ಎಂಬ ಶಬ್ದ ಕೇಳಿದ್ದೇ ಎದ್ದು ನಿಂತರು. “ದೇವರ ಸೇವಾಕ್ಕ ಪಗಾರ? ಪಾಸ್ಟರೇನು ತಹಶೀಲ್ದಾರ್ ಆಫೀಸಿನ ಗುಮಾಸ್ತ್ರೇನ್ರೀ?” ಇನ್ನೂ ಸಂಕಟವೆಂದರೆ ಪಾಸ್ಟರೂ ಪೆನ್ನು ಹಿಡಿಯಲೊಲ್ಲರು. “ದೇವರಿಗೆ ಕೊಟ್ಟದ್ದನ್ನ ಲೆಕ್ಕ ಹಚ್ಚಿ ತೋರ್ಸೂದು ಬ್ಯಾಡ್ರಿ. ಸಾಲ ಸಿಗಲಿಲ್ಲಂದ್ರ ಮುಂದಿನ ವರ್ಷ ನೋಡೋಣು.”

ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದ ರೂತ್ ಹೇಳಿದಳು: “ಅಪ್ಪಾ, ನೀ ಕೊಟ್ಟದ್ದು ದೇವರಿಗೆ, ಖರೆ. ಕಳಕೊಳ್ಳಾಕತ್ತಿದ್ದು ನನ್ನ ಸೀಟು. ಮುಂದಿನ ವರ್ಷ ಅದನ್ಯಾರು ಹಿಡದಿಟ್ಟಿರತಾರ?”

ಪಾಸ್ಟರು ಠರಾವಿನ ಹಾಳೆ ಹತ್ತಿರಕ್ಕೆ ಎಳೆದುಕೊಂಡು ಸಹಿ ಹಾಕಿದರು. ಮಾಸ್ತರು ತಮ್ಮ ಸಹಿಯನ್ನೂ ಹಾಕಿದರು; ಹಾಕುವಾಗ ನಾನು ಬರೆದ ವಾಕ್ಯದಲ್ಲಿ ಎರಡು ಕಾಗುಣಿತ ತಿದ್ದಿದರು.

ಉಳಿದದ್ದು ನಾಲ್ಕು ದಿನ. ಪಾಸ್ಟರು, ಮಾಸ್ತರು, ನಾನು ಮೂವರೂ ಬ್ಯಾಂಕಿಗೆ ಹೋದೆವು. ಮೇಡಂ ಹೊಸ ಕಾಗದ ಓದಿ ತಲೆಯಾಡಿಸಿದರು. “ಈಗ ಸರಿ ಐತ್ರಿ. ಇನ್ನ ಒಬ್ರು ಜಾಮೀನುದಾರರು ಬೇಕು.” ತಪ್ಪು ನನ್ನದು, ಜಾಮೀನೂ ನನ್ನದೇ ಇರಲಿ ಎಂದು ನಾನು ಗಂಭೀರವಾಗಿ ಮುಂದೆ ಬಂದೆ.

“ಛಲೋ ಆತು ಸರ್. ನಿಮ್ಮ ಪಗಾರ ಚೀಟಿ ಕೊಡ್ರಿ.”

ಜೇಬಿಗೆ ಹೋದ ಕೈ ಅಲ್ಲೇ ಉಳಿಯಿತು. ನಮ್ಮ ಪತ್ರಿಕೆ ನನಗೆ ಕೊಡುವುದು ಗೌರವಧನ, ಅದೂ ಅಚ್ಚಾದ ಸುದ್ದಿಯ ಲೆಕ್ಕದಲ್ಲಿ. ಚೀಟಿಯನ್ನು ಅವರು ಕೊಟ್ಟಿರಲಿಲ್ಲ, ನಾನು ಕೇಳಿರಲಿಲ್ಲ. ಜಿಲ್ಲೆಯ ದಿನಗೂಲಿಗಳ ಬಾಕಿ ವೇತನದ ಬಗ್ಗೆ ಮಾತ್ರ ಸರಣಿ ವರದಿ ಬರೆದಿದ್ದೇನೆ.

“ಚೀಟಿ ಇಲ್ರಿ,” ಎಂದೆ.

“ಇಲ್ಲಂದ್ರ? ಕೆಲಸ ಐತಿಲ್ಲೋ?”

ಅಷ್ಟರಲ್ಲಿ ಯೋಹಾನ ಮಾಸ್ತರು ನನ್ನನ್ನು ಬದಿಗೆ ಸರಿಸಿದರು. ಒಳಜೇಬಿನಿಂದ ಪ್ಲಾಸ್ಟಿಕ್ ಚೀಲ, ಅದರೊಳಗಿಂದ ಪಿಂಚಣಿಯ ಚೀಟಿಗಳು. ತಿಂಗಳಿಗೊಂದರಂತೆ, ಒಂದೂ ತಪ್ಪದೆ. “ನಂದು ತೊಗೋರಿ. ಸರ್ಕಾರಿ ಐತಿ,” ಎಂದು ಎದೆ ಉಬ್ಬಿಸಿದರು.

ಸಾಲ ಮಂಜೂರಾಯಿತು. ರೂತ್ ಕೊಪ್ಪಳದ ಹಾಸ್ಟೆಲ್ಲಿನಲ್ಲಿದ್ದಾಳೆ. ಪಗಾರ ಚೀಟಿ ಕೊಡಿರೆಂದು ನಾನೂ ನಮ್ಮ ಆಫೀಸಿಗೆ ಅರ್ಜಿ ಬರೆದು ಮುಗಿಸಿದ್ದೇನೆ. ಕಳುಹಿಸುವ ಮೊದಲು ವರದಿಗಾರನ ಅಭ್ಯಾಸಬಲದಿಂದ ಒಮ್ಮೆ ಓದಿದೆ. ಅದರಲ್ಲಿ ಒಂದೇ ಪಕ್ಷದ ಮಾತಿದೆ. ಆಡಳಿತ ಮಂಡಳಿಯ ಹೇಳಿಕೆ ಇಲ್ಲ. ಆದ ಕಾರಣ ಸದ್ಯಕ್ಕೆ ತಡೆಹಿಡಿದಿದ್ದೇನೆ.