ನನ್ನ ಹೆಂಡತಿ ನನ್ನ ಕುಟುಂಬದವಳಲ್ಲವೆಂದು ತಿಳಿಸಿದ ವಿಮಾನ ಕಂಪನಿಗೆ

ಮಾನ್ಯರೇ,

ತಮಗೂ, ತಮ್ಮ ಕೈಕೆಳಗಿನ ಅಧಿಕಾರಿಗಳಿಗೂ, ತಮ್ಮ ಪರವಾಗಿ ಹಗಲಿರುಳೆನ್ನದೆ ನನಗೆ ಇಮೇಲ್ ಬರೆಯುವ ಕಂಪ್ಯೂಟರಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಮ್ಮ ವಿಮಾನಗಳೆಲ್ಲ ಸುಖವಾಗಿ ಏರಿ ಸುಖವಾಗಿ ಇಳಿಯುತ್ತಿವೆ ಎಂದು ನಂಬಿದ್ದೇನೆ. 'ಸಮಯಕ್ಕೆ ಸರಿಯಾಗಿ' ಎಂದು ಸೇರಿಸಿ ತಮ್ಮನ್ನು ಮುಜುಗರಕ್ಕೆ ಈಡುಮಾಡುವ ಉದ್ದೇಶ ನನಗಿಲ್ಲ. ತಮ್ಮ ಹುದ್ದೆಯ ಹೆಸರು 'ನಿಷ್ಠಾವಂತ ಪ್ರಯಾಣಿಕರ ಕುಟುಂಬ ವಲಯದ ಮುಖ್ಯಸ್ಥರು' ಎಂದು ಜಾಲತಾಣದಲ್ಲಿ ಓದಿದೆ. ಒಂದೇ ಒಂದು ಕುಟುಂಬವನ್ನು ನೆಟ್ಟಗೆ ನಡೆಸಲಾಗದ ನನಗೆ, ಸಾವಿರಾರು ಕುಟುಂಬಗಳನ್ನು ಕುರ್ಚಿಯಿಂದ ಏಳದೆ ನಡೆಸುವ ತಮ್ಮ ಬಗ್ಗೆ ಎಷ್ಟು ಭಕ್ತಿ ಇರಬಹುದೆಂದು ತಾವೇ ಊಹಿಸಿಕೊಳ್ಳಬೇಕು. ಇನ್ನು ಈ ಪತ್ರವನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ಖಾಸಗಿಯಾಗಿ ಬರೆದ ಎಲ್ಲ ಪತ್ರಗಳಿಗೂ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಒಂದೇ ಉತ್ತರ ಬಂತು. ಅಷ್ಟೊಂದು ಅಮೂಲ್ಯವಾದದ್ದನ್ನು ತಾವೊಬ್ಬರೇ ಕಾಯ್ದುಕೊಂಡಿರುವುದು ಕಷ್ಟವಾದೀತೆಂದು ಊರಿನವರ ಮುಂದೆಯೂ ಒಂದಿಷ್ಟು ಇಡುತ್ತಿದ್ದೇನೆ.

ನಾನು ಬೇಕರಿಗಳ ಓವನ್ ರಿಪೇರಿ ಮಾಡುವವನು. ಮನೆಯಲ್ಲಿ ಕೇಕು ಬೇಯಿಸುವ ಪೆಟ್ಟಿಗೆಗಳಲ್ಲ. ಒಂದು ಬಾಗಿಲಿನಲ್ಲಿ ಹಿಟ್ಟು ಒಳಗೆ ಹೋಗಿ ಇನ್ನೊಂದು ಬಾಗಿಲಿನಲ್ಲಿ ಒಂದು ಊರಿಗಾಗುವಷ್ಟು ಬ್ರೆಡ್ ಹೊರಗೆ ಬರುವ, ರೈಲು ಬೋಗಿಯಷ್ಟು ಉದ್ದದ ಯಂತ್ರಗಳು. ಅವು ನಿಂತರೆ ಊರಿನ ಬೆಳಗಿನ ತಿಂಡಿಯೇ ನಿಲ್ಲುತ್ತದೆ, ಹಾಗಾಗಿ ನಮ್ಮ ಕಂಪನಿ ನನ್ನನ್ನು ವಿಮಾನದಲ್ಲಿ ಕಳಿಸುತ್ತದೆ. ಓವನ್ನುಗಳಿಗೆ ಒಂದು ವಿಶೇಷ ಜ್ಞಾನವಿದೆ. ನಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ ಬಂದ ದಿನ, ನಲ್ಲಿ ಒಡೆದ ದಿನ, ನನ್ನ ಹೆಂಡತಿ ಒಂದು ಸಿನಿಮಾಕ್ಕೆ ಟಿಕೆಟ್ ತೆಗೆದಿಟ್ಟ ದಿನ ಎಲ್ಲಿದ್ದರೂ ತಿಳಿದುಕೊಂಡು ಅವು ಅಂದೇ ಕೆಡುತ್ತವೆ. ಹೀಗೆ ಮನೆಯಲ್ಲಿ ಇರಬೇಕಾದ ಹೊತ್ತಿನಲ್ಲೆಲ್ಲ ತಮ್ಮ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ನಾನು ಸಂಪಾದಿಸಿದ್ದೇ ಆ ಮೈಲಿಗಳು. ಹಾರಿದಷ್ಟೂ ಖಾತೆಯಲ್ಲಿ ಮೈಲಿ ಜಮೆಯಾಗುತ್ತದೆ, ಸಾಕಷ್ಟು ಸೇರಿದರೆ ಅದರಿಂದಲೇ ಟಿಕೆಟ್ ಸಿಗುತ್ತದೆ ಎಂಬ ತಮ್ಮ ಯೋಜನೆಯನ್ನು ನಾನು ಪ್ರತಿ ಸಲವೂ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ನನ್ನ ಹೆಂಡತಿಗೆ ವಿವರಿಸುತ್ತಿದ್ದೆ. "ಇದೆಲ್ಲ ನಿನಗೇ ಕಣೇ" ಎನ್ನುತ್ತಿದ್ದೆ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು ಬಂದವರನ್ನು ವಿಚಾರಿಸುವವಳು, ನೋವಿದ್ದವರ ಹತ್ತಿರ ಮಾತು ಬೆಳೆಸಬಾರದೆಂಬ ಅಭ್ಯಾಸ ಮನೆಗೂ ಬಂದಿದೆ. "ಸರಿ, ಹೊರಡಿ" ಎನ್ನುತ್ತಿದ್ದಳು.

ಅವಳಿಗೆ ಬೇಕಿದ್ದದ್ದು ಒಂದೇ ಪ್ರಯಾಣ. ಅವಳ ಅಕ್ಕ ದೂರದ ಊರಿನಲ್ಲಿ ಒಬ್ಬರೇ ಇದ್ದಾರೆ. ಮಂಡಿ ಸವೆದು, ಮೂರನೆಯ ಮಹಡಿಯ ಮನೆಯಿಂದ ಕೆಳಗಿಳಿಯುವುದನ್ನೇ ಬಿಟ್ಟಿದ್ದರು. ಮಂಡಿ ಬದಲಾಯಿಸುವ ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ಹಾರಿ ಹೋಗಿ, ಅವರು ಕಣ್ಣು ಬಿಟ್ಟಾಗ ಹಾಸಿಗೆಯ ಪಕ್ಕದಲ್ಲಿ ಇರಬೇಕೆಂಬುದು ನನ್ನ ಹೆಂಡತಿಯ ಆಸೆ. ಮೈಲಿಗಳು ಖಾತೆಯಲ್ಲಿದ್ದವು. ದಿನ ಮಾತ್ರ ಗೊತ್ತಾಗಬೇಕಿತ್ತು.

ಇಂಥ ಸಮಯದಲ್ಲಿ ತಮ್ಮ ಇಮೇಲ್ ಬಂತು. ನನ್ನಂಥ ನಿಷ್ಠಾವಂತ ಪ್ರಯಾಣಿಕ ತನ್ನ ಮೈಲಿಗಳನ್ನು ಎಂಟು ಮಂದಿಯ 'ಕುಟುಂಬ ವಲಯ'ದ ಜೊತೆ ಹಂಚಿಕೊಳ್ಳಬಹುದು, ಹಂಚಿಕೊಂಡ ಪ್ರೀತಿ ಎತ್ತರಕ್ಕೆ ಹಾರುತ್ತದೆ ಎಂದು ಅದರಲ್ಲಿತ್ತು. ಅದನ್ನು ಕಚೇರಿಯ ಕಾಫಿ ಯಂತ್ರದ ಮುಂದೆ ನಿಂತು ಓದಿದ್ದು ನನ್ನ ದುರದೃಷ್ಟ. ಹಿಂದಿನಿಂದ ಇಣುಕಿದ ನಮ್ಮ ಮ್ಯಾನೇಜರರು "ಏನ್ರೀ, ನಾವೂ ಒಂದು ಕುಟುಂಬ ಅಲ್ವೇನ್ರೀ?" ಎಂದರು. ಸಂಬಳ ಏರಿಸದ ಪ್ರತಿ ಸಭೆಯಲ್ಲೂ ಅವರು ಹೇಳುವ ಮಾತು ಅದು, ಇಲ್ಲವೆನ್ನಲು ಬರಲಿಲ್ಲ. ಅವರನ್ನು 'ಅಣ್ಣ' ಎಂದು ಸೇರಿಸಿದೆ. ಅಣ್ಣನನ್ನು ಸೇರಿಸಿ ಅಣ್ಣನ ಇಬ್ಬರು ಮಕ್ಕಳನ್ನು ಬಿಡುವುದು ಹೇಗೆ? ಸಂಜೆಯ ಹೊತ್ತಿಗೆ ಸುದ್ದಿ ನಮ್ಮ ಕಟ್ಟಡ ತಲುಪಿತ್ತು. ಮೇಲಿನ ಮನೆಯ ವಕೀಲರು, ಅಲ್ಲಿಯವರೆಗೆ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಗುಂಡಿಗಳನ್ನೇ ನೋಡುತ್ತಿದ್ದವರು, "ಬನ್ನಿ ಬನ್ನಿ ಮಹಾರಾಯರೇ" ಎಂದು ಬಾಗಿಲು ಹಿಡಿದು ನಿಂತರು. ಅವರು 'ಚಿಕ್ಕಪ್ಪ'ನಾದರು, ಅವರ ಬೆಳಗಿನ ನಡಿಗೆಯ ಸಂಗಾತಿ 'ಇನ್ನೊಬ್ಬ ಚಿಕ್ಕಪ್ಪ'ನಾದರು. ಉಳಿದ ಮೂರು ಜಾಗಗಳಿಗೆ ಹಾಸಿಗೆ ಮಾರುವ ನನ್ನ ಸ್ವಂತ ತಮ್ಮ, ಅವನ ಹೆಂಡತಿ ಮತ್ತು ಅವನ ಅತ್ತೆ ಬಂದು ಕೂತರು. ತಮ್ಮ ಕಂಪ್ಯೂಟರ್ ಇವರಲ್ಲಿ ಒಬ್ಬರನ್ನೂ ಪ್ರಶ್ನಿಸದೆ 'ನಿಮ್ಮ ಸುಂದರ ಕುಟುಂಬ ಪೂರ್ಣಗೊಂಡಿದೆ' ಎಂದು ಬಣ್ಣದ ಕಾಗದದ ಚೂರುಗಳನ್ನು ಪರದೆಯ ತುಂಬ ಉದುರಿಸಿತು. ನನಗೂ, ಸುಳ್ಳೇಕೆ, ಬಹಳ ಹಿತವಾಗಿತ್ತು.

ಹೆಂಡತಿಯ ಹೆಸರು ಬರೆಯಲಿಲ್ಲವೇ ಎಂದು ತಾವು ಕೇಳಬಹುದು. ಇಲ್ಲ, ಬರೆಯಲಿಲ್ಲ. ಮನೆಯ ಬಾಗಿಲಿಗೆ ಎರಡು ಕೀಲಿಗಳಿದ್ದರೆ ಅದರಲ್ಲೊಂದು ಅವಳದೆಂದು ಯಾರೂ ಚೀಟಿ ಅಂಟಿಸುವುದಿಲ್ಲ. ಕುಟುಂಬಕ್ಕೆ ಹೊರಗಿನಿಂದ ಬರುವವರಿಗೆ ತಾನೇ ಅರ್ಜಿ, ಒಳಗೇ ಇರುವವಳಿಗೇಕೆ ಎಂದುಕೊಂಡೆ. ಕುಟುಂಬದ ವಿಷಯದಲ್ಲಿ ತಮಗಿರುವ ಆಳವಾದ ಅನುಭವ ನನಗಿರಲಿಲ್ಲ.

ಆಮೇಲೆ ಪ್ರೀತಿ ಹಾರತೊಡಗಿತು. ಮ್ಯಾನೇಜರರ ಮಕ್ಕಳು ಸಮುದ್ರ ನೋಡಿ ಬಂದರು. ಇಬ್ಬರು ಚಿಕ್ಕಪ್ಪಂದಿರೂ ತಂಪು ಹವೆಯಲ್ಲಿ ನಡೆಯಲೆಂದು ಬೇರೊಂದು ಊರಿಗೆ ಹೋಗಿ, ಅಲ್ಲಿ ಇಲ್ಲಿಗಿಂತ ಸೆಕೆಯೆಂದು ನನ್ನ ಮೇಲೆ ಮುನಿಸಿಕೊಂಡು ಮರಳಿದರು. ಎಲ್ಲರಿಗಿಂತ ಹೆಚ್ಚು ಹಾರಿದವನು ನನ್ನ ತಮ್ಮ. ಅದೂ ಮಲಗಿಕೊಂಡು ಹೋಗುವ ದುಬಾರಿ ಸೀಟಿನಲ್ಲಿ. ಕೇಳಿದರೆ, "ಅಣ್ಣ, ಹಾಸಿಗೆ ವ್ಯಾಪಾರಿ ನಾನು, ಆಕಾಶದಲ್ಲಿ ಜನ ಹೇಗೆ ಮಲಗ್ತಾರೆ ಅಂತ ನೋಡ್ಬೇಡ್ವಾ?" ಎಂದ. ಹೀಗೆ ವ್ಯಾಪಾರದ ಅಧ್ಯಯನ ಸಾಗಿರುವಾಗ ತಮ್ಮಿಂದ ಇನ್ನೊಂದು ಪತ್ರ ಬಂತು. ವಲಯದ ಮೈಲಿಗಳಲ್ಲಿ ಅತಿ ಹೆಚ್ಚು ಹಾರಿದವರೇ ನಿಯಮದ ಪ್ರಕಾರ ಕುಟುಂಬದ ಯಜಮಾನರಾಗುವುದರಿಂದ ನನ್ನ ತಮ್ಮ ಇನ್ನು ಮುಂದೆ ನಮ್ಮ ಯಜಮಾನನೆಂದೂ, ನಾನು ಅವನ 'ಅವಲಂಬಿತ ಸದಸ್ಯ'ನೆಂದೂ ಅದರಲ್ಲಿತ್ತು. ಆ ಭಾನುವಾರ ಊಟಕ್ಕೆ ಬಂದವನು ನನ್ನ ಕುರ್ಚಿಯಲ್ಲೇ ಕೂತ. "ಸ್ವಲ್ಪ ಶಿಸ್ತಾಗಿರ್ಬೇಕು ಅಣ್ಣ ಇನ್ಮೇಲೆ" ಎಂದು ಅವನು, "ಪಾಪ, ಅವರನ್ನೇನೂ ಅನ್ಬೇಡಿ ರೀ, ನಮ್ಮನ್ನೇ ನಂಬಿಕೊಂಡಿದ್ದಾರೆ" ಎಂದು ಅವನ ಹೆಂಡತಿ, ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ನನ್ನ ಹೆಂಡತಿ ಸಾರು ಬಡಿಸುತ್ತಿದ್ದಳು.

ಮುಂದಿನ ವಾರ ಅಕ್ಕನಿಗೆ ಆಸ್ಪತ್ರೆಯವರು ದಿನ ಕೊಟ್ಟರು. ನಾನು ಆ ರಾತ್ರಿಯೇ ಠೀವಿಯಿಂದ ಕಂಪ್ಯೂಟರ್ ತೆರೆದು, ಹೆಂಡತಿಯನ್ನು ಪಕ್ಕಕ್ಕೆ ಕರೆದು, ಟಿಕೆಟಿನ ಜಾಗದಲ್ಲಿ ಅವಳ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಬರೆದೆ. ತಮ್ಮ ಪರದೆ ಕ್ಷಣಕಾಲ ಯೋಚಿಸಿ, ಕೆಂಪು ಅಕ್ಷರಗಳಲ್ಲಿ ಹೇಳಿತು: 'ಕ್ಷಮಿಸಿ, ಈ ವ್ಯಕ್ತಿ ನಿಮ್ಮ ಕುಟುಂಬಕ್ಕೆ ಸೇರಿದವರಲ್ಲ.' ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತ ಅದನ್ನು ಎರಡು ಸಲ ಓದಿದಳು. "ಓಹೋ, ವಿಮಾನದವರಿಗೂ ಗೊತ್ತಾಯ್ತಾ?" ಎಂದಳು. ಅಷ್ಟೇ ಹೇಳಿ ಟವೆಲನ್ನು ಮಡಿಸಿ ಇಟ್ಟು ಒಳಗೆ ಹೋದಳು.

ಮಾನ್ಯರೇ, ತಮ್ಮ ಸಹಾಯವಾಣಿಯನ್ನು ಎಷ್ಟು ಹೊಗಳಿದರೂ ಸಾಲದು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಜೇನಿನಂಥ ದನಿಯ ಹೆಣ್ಣುಮಗಳೊಬ್ಬಳು ಸಿಕ್ಕಿ, ವಲಯ ಮಾಡಿದ ಮೇಲೆ ಅದರಲ್ಲಿರುವವರಿಗಷ್ಟೇ ಮೈಲಿಯ ಟಿಕೆಟ್ ಎಂದೂ, ನನ್ನ ವಲಯದಲ್ಲಿ ಜಾಗ ಖಾಲಿಯಿಲ್ಲವೆಂದೂ, ಸೇರಿದವರನ್ನು ಒಂದು ವರ್ಷ ತೆಗೆಯಲಾಗದೆಂದೂ, ಸದಸ್ಯರಲ್ಲಿ ಯಾರಾದರೂ ತೀರಿಕೊಂಡರೆ ಮಾತ್ರ ವಿನಾಯಿತಿಯೆಂದೂ ಹೇಳಿದಳು. ನಾನು ವಕೀಲ ಚಿಕ್ಕಪ್ಪನನ್ನು ನೆನೆದುಕೊಂಡೆ. ಪ್ರತಿದಿನ ನಡೆಯುತ್ತಾರೆ, ಬಿ.ಪಿ. ಕೂಡ ಇಲ್ಲ. ಬೇರೆ ದಾರಿಯೇ ಇಲ್ಲವೇ ತಾಯಿ ಎಂದು ಗೋಗರೆದಾಗ ಅವಳು ನಿಯಮಗಳನ್ನು ಹುಡುಕಿ, ಸಂತೋಷದಿಂದ, "ಇದೆ ಸರ್! ಹೊಸದಾಗಿ ಮದುವೆಯಾದವರು ಸಂಗಾತಿಯನ್ನ ಒಂಬತ್ತನೆಯವರಾಗಿ ಸೇರಿಸ್ಬಹುದು ಸರ್" ಎಂದಳು. ಇದನ್ನು ನಾನು ನನ್ನ ಹೆಂಡತಿಗೆ ಹೇಳಿದೆ. ವಿಚ್ಛೇದನ ಪಡೆದು, ಮತ್ತೆ ಮದುವೆಯಾದರೆ ಟಿಕೆಟ್ ಸಿಗುತ್ತದಂತೆ ಎಂದೆ. "ಮೊದಲನೇ ಅರ್ಧ ಬೇಕಾದ್ರೆ ಇವತ್ತೇ ಮಾಡೋಣ" ಎಂದಳು.

ಉಳಿದ ಬಾಗಿಲುಗಳನ್ನೂ ತಟ್ಟಿದೆ. ಮ್ಯಾನೇಜರರ ಬಳಿ ಹೋಗಿ, ದಯವಿಟ್ಟು ನನ್ನ ಅಣ್ಣನಾಗಿರುವುದನ್ನು ಬಿಡಿ, ಒಂದು ಪತ್ರ ಕೊಡಿ ಎಂದರೆ, "ಕುಟುಂಬ ಬಿಡೋದು ಅಂದ್ರೆ ರಾಜೀನಾಮೆ ಅಂತ ತಿಳ್ಕೊಳ್ಲೇನ್ರೀ?" ಎಂದು ಕನ್ನಡಕ ತೆಗೆದರು. ವಕೀಲರು ಮಾತ್ರ ದೊಡ್ಡ ಮನಸ್ಸಿನಿಂದ, ತಮ್ಮನ್ನು ಕುಟುಂಬದಿಂದ ಹೊರಹಾಕುವ ನೋಟಿಸನ್ನು ತಾವೇ ಬರೆದುಕೊಡುವುದಾಗಿಯೂ, ಅದಕ್ಕೆ ಖಡಕ್ ಉತ್ತರವನ್ನೂ ತಾವೇ ಕೊಡುವುದಾಗಿಯೂ ಹೇಳಿದರು. ಕೊನೆಗೆ ನಮ್ಮ ಯಜಮಾನನಿಗೇ ಫೋನು ಮಾಡಿದೆ. ಅವನು ವಿಮಾನ ಏರುವ ಸಾಲಿನಲ್ಲಿ ನಿಂತಿದ್ದ. "ಅಯ್ಯೋ, ಅತ್ತಿಗೆಗೆ ಬೇಕಿತ್ತಾ? ಮೊದಲೇ ಹೇಳೋದಲ್ವಾ ಅಣ್ಣ! ಈಗ ಇದ್ದಬದ್ದ ಮೈಲಿ ಎಲ್ಲ ಸೇರಿಸಿ ಅತ್ತೇನ ಕರ್ಕೊಂಡು ಹೊರಟಿದ್ದೀನಿ" ಎಂದ. ಹಿಂದಿನಿಂದ ಅವನ ಅತ್ತೆಯವರು ನನ್ನನ್ನು ಹರಸಿದ್ದು ಕೇಳಿಸಿತು. ಒಳ್ಳೆಯ ಹೆಂಗಸು.

ತಮ್ಮ ಕೌಂಟರಿನಲ್ಲೇ ದುಡ್ಡು ಕೊಟ್ಟು ಟಿಕೆಟ್ ಕೊಳ್ಳಬಾರದಿತ್ತೇ ಎನ್ನುತ್ತೀರಿ. ಹೋದೆ. ಆ ವಾರದ ಅಷ್ಟೂ ಸೀಟುಗಳು ಭರ್ತಿಯಾಗಿದ್ದವು, ತಮ್ಮಲ್ಲಿ ಜಾಗ ಸಿಗದವರು ನುಗ್ಗಿ ಪಕ್ಕದ ಕಂಪನಿಯವೂ ತುಂಬಿದ್ದವು. ತಮ್ಮ ಯೋಜನೆ ಎಷ್ಟೊಂದು ಜನರ ಪ್ರೀತಿಯನ್ನು ಹಾರಿಸಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನನ್ನ ಹೆಂಡತಿ ರೈಲಿನಲ್ಲಿ ಹೋದಳು. ಕ್ಲಿನಿಕ್ಕಿಗೆ ರಜೆ ಹಾಕಿ, ತಾನೇ ಟಿಕೆಟ್ ಮಾಡಿಸಿ, ಎರಡು ಕಡೆ ರೈಲು ಬದಲಿಸಿ, ಕೊನೆಗೊಂದು ಬಸ್ಸು ಹಿಡಿದು. ನಾನೂ ಬರುತ್ತೇನೆಂದು ಚೀಲ ತೆಗೆದಾಗ, "ನಿಮಗೆ ಎಲ್ಲಿಂದಾದ್ರೂ ಫೋನು ಬರುತ್ತೆ, ಅರ್ಧ ದಾರೀಲಿ ಇಳೀತೀರಿ, ಬೇಡ" ಎಂದಳು. ಅವಳು ತಲುಪುವ ಹೊತ್ತಿಗೆ ಅಕ್ಕನ ಶಸ್ತ್ರಚಿಕಿತ್ಸೆ ಮುಗಿದುಹೋಗಿತ್ತು. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಇದ್ದದ್ದು ನರ್ಸು. 'ನನ್ನ ತಂಗಿ ಎಲ್ಲಿ' ಎಂದು ಅವರು ನರ್ಸನ್ನೇ ಕೇಳುತ್ತಿದ್ದರಂತೆ. ಇದನ್ನು ನನ್ನ ಹೆಂಡತಿ ಫೋನಿನಲ್ಲಿ ಹೇಳಿದಳೇ ಹೊರತು ಅದರ ಮುಂದೆ ಹಿಂದೆ ಏನನ್ನೂ ಸೇರಿಸಲಿಲ್ಲ. ಅವಳು ಬೈದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಈಗ ನನ್ನ ವಿನಂತಿಗಳು. ಮೊದಲಿಗೆ, ನನ್ನ ಹೆಂಡತಿ ನನ್ನ ಕುಟುಂಬದವಳೇ ಎಂದು ತಮ್ಮ ಮೊಹರು ಹಾಕಿದ ಒಂದು ಪ್ರಮಾಣಪತ್ರ ಕಳಿಸಿಕೊಡಬೇಕು. ನನ್ನ ಮಾತಿಗೆ ಅವಳ ಬಳಿ ಈಗ ಅಷ್ಟು ಬೆಲೆಯಿಲ್ಲ. ಹಾಗೆಯೇ ಆ ಶಸ್ತ್ರಚಿಕಿತ್ಸೆಯ ದಿನವನ್ನು ಮರುನಿಗದಿ ಮಾಡಿಸಿಕೊಡಬೇಕು. ವಿಮಾನಗಳನ್ನು ಗಂಟೆಗೊಮ್ಮೆ ಮರುನಿಗದಿ ಮಾಡುವ ತಮಗೆ, ಆಗಿಹೋದ ಒಂದು ದಿನವನ್ನು ಹಿಂದಕ್ಕೆ ತರುವುದು ದೊಡ್ಡದೇನಲ್ಲ. ಇನ್ನೊಂದು ವಿನಂತಿ ಇದೆ, ಅದನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಅವಳು ಹೋದ ಮೇಲೆ ಓವನ್ನುಗಳು ಯಾಕೋ ಒಂದೂ ಕೆಟ್ಟಿಲ್ಲ, ನಾನು ಮನೆಯಲ್ಲೇ ಇದ್ದೇನೆ. ಸಂಜೆ ಫೋನು ಬರುವ ಹೊತ್ತು ದಾಟಿದರೆ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ, ಲಿಫ್ಟಿನ ಸದ್ದಾದರೆ ಕಿವಿ ಆ ಕಡೆಗೇ ಹೋಗುತ್ತದೆ, ಒಬ್ಬನಿಗೇ ಎಂದು ಅನ್ನಕ್ಕಿಟ್ಟರೂ ಇಬ್ಬರಿಗಾಗುವಷ್ಟು ಬೇಯುತ್ತದೆ. ಹಾರಿದವರಿಗೆ ದೂರವನ್ನು ಅಳೆದು ಕೊಡುವ ತಮ್ಮ ಕಂಪ್ಯೂಟರಿನಲ್ಲಿ, ಹಾರಿಹೋದವರಿಗಾಗಿ ಮನೆಯಲ್ಲಿ ಕಾದವರ ಖಾತೆಗೆ ಹಾಕುವಂಥದ್ದು ಏನಾದರೂ ಇದೆಯೇ? ನನಗಲ್ಲ, ನನ್ನದಿನ್ನೂ ಎರಡನೆಯ ವಾರ. ಅವಳ ಹಿಂದಿನ ವರ್ಷಗಳ ಬಾಕಿಯನ್ನು ಲೆಕ್ಕ ಹಾಕಿ ಕೊಡುವುದಾದರೆ ತಮ್ಮ ವಿಮಾನಗಳಲ್ಲಿ ಒಂದನ್ನು ಅವಳ ಹೆಸರಿಗೇ ಬರೆಯಬೇಕಾದೀತು, ಅದಕ್ಕೆ ತಯಾರಾಗಿರಿ.

ತಾವು ಈ ಪತ್ರವನ್ನು ಓದುವುದಿಲ್ಲವೆಂಬ ಪೂರ್ಣ ಭರವಸೆಯೊಂದಿಗೆ, ಇಷ್ಟಾದರೂ ಇನ್ನೂ ಉಳಿದಿರುವ

ತಮ್ಮ ವಿಶ್ವಾಸಿ,
ಓವನ್ ರಿಪೇರಿಯವನು

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಹೆಂಡತಿಯ ಫೋನು ಬಂತು. ಅಕ್ಕ ಕೋಲು ಹಿಡಿದು ಬಾಗಿಲಿನವರೆಗೆ ನಡೆದರಂತೆ. ವಾಪಸು ಬರಲು ಅವಳು ತಮ್ಮ ಪ್ರತಿಸ್ಪರ್ಧಿ ಕಂಪನಿಯ ವಿಮಾನದಲ್ಲಿ ಟಿಕೆಟ್ ಕೊಂಡು, ಅಲ್ಲಿ ತನ್ನದೇ ಹೆಸರಿನಲ್ಲಿ ಖಾತೆ ತೆರೆದಿದ್ದಾಳೆ. ಅವರಲ್ಲೂ ಕುಟುಂಬವನ್ನು ಸೇರಿಸಲು ಜಾಗವಿದೆಯಂತೆ. ಅಕ್ಕನ ಹೆಸರು ಬರೆದಾಯಿತಂತೆ. 'ನನ್ನ ಹೆಸರು?' ಎಂದು ಕೇಳಿದ್ದಕ್ಕೆ, "ಒಂದು ಜಾಗ ಖಾಲಿ ಇಟ್ಟಿದ್ದೀನಿ, ಅವಸರ ಇಲ್ಲ, ಯೋಚನೆ ಮಾಡ್ತೀನಿ" ಎಂದಳು. ಆ ಕಂಪನಿಯ ತಮ್ಮಂಥ ಅಧಿಕಾರಿಯವರ ವಿಳಾಸ ತಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಈ ಸಲ ದೂರು ಕೊಡಲು ಅಲ್ಲ, ಶಿಫಾರಸು ಕೇಳಲು.