ತಪಸ್ಸಿನ ಕಾಲಕ್ಕೊಂದು ಡೊಮಿನಿಕನ್ ಕ್ಯಾಸೆಟ್ಟು

ತ್ಯಾಗ ಮಾಡುವುದು ದೊಡ್ಡ ಸಂಗತಿಯಲ್ಲ ಎನ್ನುವವರು ಸೌದಿ ಅರೇಬಿಯಾದಲ್ಲಿ ಒಂದು ತಪಸ್ಸಿನ ಕಾಲವನ್ನು ಕಳೆದು ನೋಡಬೇಕು. ಈಸ್ಟರಿಗೆ ಮೊದಲಿನ ನಲವತ್ತು ದಿನ ತನಗೆ ಪ್ರಿಯವಾದದ್ದೊಂದನ್ನು ಬಿಡುವುದು ನಮ್ಮ ಮಂಗಳೂರು ಕಡೆಯ ಕ್ರೈಸ್ತರ ಪದ್ಧತಿ. ಊರಿನಲ್ಲಾದರೆ ಇದಕ್ಕೆ ಬೇಕಾದಷ್ಟು ಅನುಕೂಲವಿದೆ. ಕುಡಿಯುವವನು ಕುಡಿತ ಬಿಡುತ್ತಾನೆ, ಹಂದಿಮಾಂಸವಿಲ್ಲದೆ ಭಾನುವಾರವನ್ನೇ ಕಾಣದವನು ಹಂದಿಮಾಂಸ ಬಿಡುತ್ತಾನೆ, ಸಿನಿಮಾ ಹುಚ್ಚಿನವನು ಟಾಕೀಸಿನ ರಸ್ತೆ ತಪ್ಪಿಸಿ ಸುತ್ತು ಬಳಸಿ ಮನೆಗೆ ಹೋಗುತ್ತಾನೆ. ದಹ್ರಾನಿನಲ್ಲಿ ಕೆಲಸಕ್ಕಿದ್ದ ನಾನು ಇವೆಲ್ಲವನ್ನೂ ವೀಸಾಕ್ಕೆ ಸೀಲು ಬಿದ್ದ ದಿನವೇ ಬಿಟ್ಟಾಗಿತ್ತು. ತೊಂಬತ್ತರ ದಶಕದ ಮೊದಲರ್ಧದ ಆ ವರ್ಷ ರಂಜಾನ್ ಕೂಡ ಅದೇ ಹೊತ್ತಿಗೆ ಬಂದು, ಆಫೀಸಿನ ಹಗಲು ಚಹಾವೂ ಹೋಯಿತು. ದೇವರಿಗೆ ಬಿಟ್ಟುಕೊಡೋಣವೆಂದರೆ ನನ್ನ ಬಳಿ ಒಂದು ಲಾಯಕ್ಕಾದ ಚಟವೂ ಉಳಿದಿರಲಿಲ್ಲ. ಹೀಗೆ ಚಿಂತೆಯಲ್ಲಿ ಕುಳಿತವನಿಗೆ ದಾರಿ ತೋರಿಸಿದವಳು ಹೆಂಡತಿ ಸೆವ್ರಿನ್. "ಆ ಟೇಪ್ ರೆಕಾರ್ಡರ್ ಉಂಟಲ್ಲ, ಅದನ್ನು ಬಿಡಿ" ಎಂದಳು.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆಗೆ ನೋವು ಎಲ್ಲಿದೆಯೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆ ಡಬಲ್ ಡೆಕ್ ಟೇಪ್ ರೆಕಾರ್ಡರನ್ನು ನಾನು ಮಗುವಿನ ಹಾಗೆ ಸಾಕಿದ್ದೆ. ನಿಜ ಹೇಳಬೇಕೆಂದರೆ ಮಕ್ಕಳಿಗೆ ಅಷ್ಟು ಆರೈಕೆ ಸಿಕ್ಕಿರಲಿಲ್ಲ. ಮೂರು ದಿನ ಅದಕ್ಕೆ ಬಟ್ಟೆ ಹೊದೆಸಿಟ್ಟೆ. ನಾಲ್ಕನೆಯ ದಿನ ನಮ್ಮ ಆಫೀಸಿನ ಎಂಜಿನಿಯರ್ ರಮೋನ್ ಕೆಲಸ ಬಿಟ್ಟು ಸ್ಪ್ಯಾನಿಷ್ ಮಾತಾಡುವ ತನ್ನ ಡೊಮಿನಿಕನ್ ದೇಶಕ್ಕೆ ಹೊರಟವನು, ನೆನಪಿಗೆ ಇರಲಿ ಎಂದು ಒಂದು ಕ್ಯಾಸೆಟ್ಟನ್ನು ನನ್ನ ಕೈಗಿಟ್ಟ. ಅವನ ಊರಿನ ಗಾಯಕನೊಬ್ಬನ ಆಲ್ಬಮ್. ಚಿತ್ರವಿದ್ದ ಹೊದಿಕೆ ಎಲ್ಲಿಯೋ ಕಳೆದುಹೋಗಿ ಕ್ಯಾಸೆಟ್ಟು ಮಾತ್ರ ಉಳಿದಿತ್ತು. ಎ ಸೈಡಿನಲ್ಲಿರುವುದು ಮೆರೆಂಗೆ, ಅದು ಕಾಲಿಗೆ. ಬಿ ಸೈಡಿನಲ್ಲಿರುವುದು ಬಚಾತಾ, ಅದು ಹೃದಯಕ್ಕೆ ಎಂದಷ್ಟೇ ಹೇಳಿ ಅವನು ಟ್ಯಾಕ್ಸಿ ಹತ್ತಿದ.

ಕೇಳದೆ ಇರುವುದುಂಟೆ? ಹೆಂಡತಿ ಡ್ಯೂಟಿಗೆ ಹೋದ ಹೊತ್ತು ನೋಡಿ ಹಾಕಿದೆ. ಎ ಸೈಡಿನಲ್ಲಿ ಅಕಾರ್ಡಿಯನ್, ಡೋಲು, ಅದರ ಜೊತೆಗೆ ಯಾರೋ ಗಡಿಬಿಡಿಯಲ್ಲಿ ತೆಂಗಿನಕಾಯಿ ತುರಿಯುತ್ತಿರುವಂಥ ಒಂದು ಸದ್ದು. ಅರ್ಧ ನಿಮಿಷದಲ್ಲಿ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಇದು ತಪಸ್ಸಿನ ಕಾಲಕ್ಕೆ ಸಲ್ಲದೆಂದು ಖಚಿತವಾಯಿತು. ಬಿ ಸೈಡು ತಿರುಗಿಸಿದೆ. ಗಿಟಾರು ಬಿಕ್ಕಿತು, ಗಾಯಕ ಗೋಳಾಡಿದ. ನನಗೆ ಬೇಕಾದದ್ದು ಇದೇ ಆಗಿತ್ತು. ಸಂಜೆ ಸೆವ್ರಿನಳನ್ನು ಕೂರಿಸಿ, ಇದು ಮನರಂಜನೆಯಲ್ಲ, ಪಶ್ಚಾತ್ತಾಪ; ಪಾಪಿಯೊಬ್ಬ ತನ್ನ ಪಾಪಗಳಿಗಾಗಿ ಅಳುತ್ತಿದ್ದಾನೆ ಎಂದು ವಿವರಿಸಿದೆ. ಸ್ಪ್ಯಾನಿಷ್ ನಿಮಗೆ ಯಾವಾಗ ಬಂತು ಎಂದು ಆಕೆ ಕೇಳಿಯಾಳೆಂದು, ಪೋರ್ಚುಗೀಸರಿಂದ ನಮಗೆ ಬಂದ ಮೇಜು, ಇಸ್ತ್ರಿ ಇತ್ಯಾದಿ ಪದಗಳನ್ನು ಆಧಾರವಾಗಿ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಆಕೆ ಕೇಳಲೇ ಇಲ್ಲ. "ಆಯಿತು, ನೀವು ಹೇಳಿದ ಮೇಲೆ ಮುಗೀತಲ್ಲ" ಎಂದಳು. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಆಕೆ ಇಷ್ಟು ಬೇಗ ಒಪ್ಪಿದ್ದು ಅದೇ ಮೊದಲು. ಸಂಗೀತದ ಮಹಿಮೆ ಎಂದುಕೊಂಡೆ.

ಇಲ್ಲಿ ನನ್ನ ಒಂದು ಆಸೆಯನ್ನು ಹೇಳಿಬಿಡಬೇಕು. ಶುಕ್ರವಾರ ನಾವು ಐದು ಮನೆಯವರು ಸರದಿಯಂತೆ ಒಂದೊಂದು ಮನೆಯಲ್ಲಿ ಸೇರಿ, ಅಲ್ಲಿ ನಮ್ಮ ಪ್ರಾರ್ಥನೆಗೆ ಅನುಮತಿ ಇರಲಿಲ್ಲವಾದ್ದರಿಂದ ಪರದೆ ಎಳೆದು, ಸದ್ದಾಗದಂತೆ ಜಪಮಾಲೆ ಹೇಳುತ್ತಿದ್ದೆವು. ಹೇಳಿಸುತ್ತಿದ್ದವರು ನಮ್ಮಲ್ಲಿ ಹಿರಿಯರಾದ ಸಿಪ್ರಿಯನ್ ಅಂಕಲ್. ಈಸ್ಟರ್ ಮುಗಿಸಿ ಅವರು ಕೆಲಸ ಬಿಟ್ಟು ಉಡುಪಿಗೆ ಹೋಗುವವರಿದ್ದರು. ಹೋಗುವ ಮುಂಚೆ ತಮ್ಮ ಜಾಗಕ್ಕೆ ಒಬ್ಬನನ್ನು ನೇಮಿಸುವವರಿದ್ದರು. ಪೈಪಿನ ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮನ್ ನಾನು. ಎಳೆದ ಗೆರೆಗಳನ್ನು ಇನ್ನೊಬ್ಬರು ತಿದ್ದುತ್ತಿದ್ದರು, ತಿದ್ದಿದ್ದನ್ನು ಮತ್ತೊಬ್ಬರು ಹರಿದುಹಾಕುತ್ತಿದ್ದರು. ಐದು ಮನೆಯವರಾದರೂ ನಾನು ಹೇಳಿದ್ದನ್ನು ಹಿಂದಿನಿಂದ ಹೇಳಲಿ ಎಂಬ ಆಸೆ ನನಗೆ ವಿಪರೀತವಾಗಿತ್ತು. ಭಕ್ತಿಗಿಂತ ಅದೇ ಹೆಚ್ಚಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ಮುಂದಿನ ಶುಕ್ರವಾರ ಜಪಮಾಲೆ ಮುಗಿದ ಮೇಲೆ ಬಿ ಸೈಡನ್ನು ಹಾಕಿದೆ. ಎಲ್ಲರೂ ತಲೆ ತಗ್ಗಿಸಿದರು. ನಾನು ಹಾಡಿನ ಮಧ್ಯೆ ತಗ್ಗಿದ ದನಿಯಲ್ಲಿ ವ್ಯಾಖ್ಯಾನವನ್ನೂ ಕೊಟ್ಟೆ. ಮೂರನೆಯ ಹಾಡಿನಲ್ಲಿ ಆತ್ಮ ಲೋಕದ ಮೋಹವನ್ನು ಕಳಚುತ್ತದೆ ಎಂದಾಗ ಸಿಪ್ರಿಯನ್ ಅಂಕಲ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸೆವ್ರಿನಳ ಕಣ್ಣಲ್ಲೂ ನೀರಿತ್ತು. ಆಕೆ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಿದ್ದಳು, ಭುಜಗಳು ನಡುಗುತ್ತಿದ್ದವು. ನನ್ನ ಹೆಂಡತಿಯನ್ನು ಇಷ್ಟು ಕರಗಿಸಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಅಂದಿನಿಂದ ಎಲ್ಲರಿಗೂ ಪ್ರತಿ ಬೇಕಾಯಿತು. ಜಿದ್ದಾಕ್ಕೊಂದು ಹೋಯಿತು, ರಿಯಾದಿಗೊಂದು ಹೋಯಿತು. ಅಲ್ಲಿ ಒಲಾಯಾದ ಆಫೀಸಿನಲ್ಲಿದ್ದ ನನ್ನ ಭಾವ, ಇದನ್ನು ಕೇಳಿದ ಮೇಲೆ ಮೇಲಧಿಕಾರಿಯನ್ನೂ ಕ್ಷಮಿಸಿಬಿಟ್ಟೆ ಎಂದು ಕಾಗದ ಬರೆದ.

ಖಾಲಿ ಕ್ಯಾಸೆಟ್ಟುಗಳಿಗಾಗಿ ನಾನು ಪಕ್ಕದ ಖೋಬರ್ ಪೇಟೆಯಲ್ಲಿ ಭಟ್ಕಳದ ಖಾದರ್ ಸಾಹೇಬರ ಅಂಗಡಿಗೆ ಮತ್ತೆ ಮತ್ತೆ ಹೋಗಬೇಕಾಯಿತು. ಇಷ್ಟೊಂದು ಎಂಥದಕ್ಕೆ ಎಂದು ಒಂದು ದಿನ ಅವರು ಕೇಳಿದರು. ಅಂಗಡಿಯ ಟೇಪಿನಲ್ಲೇ ಸ್ವಲ್ಪ ಕೇಳಿಸಿ, ಭಕ್ತಿಗೀತೆ ಎಂದೆ. ಅವರು ಕಿವಿಗೊಟ್ಟು ಕೇಳಿ, ಗಡ್ಡ ಸವರಿಕೊಂಡರು. "ಭಾಷೆ ನನಗೂ ಬರುವುದಿಲ್ಲ ಮಾರಾಯ್ರೇ. ಆದ್ರೆ ಇದು ದೇವರ ಹತ್ರ ಅಳುವವನ ಸ್ವರ ಅಲ್ಲ, ಹೆಂಗಸಿನ ಹತ್ರ ಅಳುವವನ ಸ್ವರ" ಎಂದರು. ರೇಡಿಯೋ ಮತ್ತು ಇಸ್ತ್ರಿಪೆಟ್ಟಿಗೆ ಮಾರುವವರಿಗೆ ಸಂಗೀತದ ಸೂಕ್ಷ್ಮ ಹೇಗೆ ತಿಳಿಯಬೇಕೆಂದು ಕನಿಕರಪಟ್ಟು ಬಂದೆ.

ಗುಡ್ ಫ್ರೈಡೆಯ ವಾರ ನಮ್ಮ ಆಫೀಸಿಗೆ ವೆನೆಜುವೆಲಾದ ಇನ್ಸ್‌ಪೆಕ್ಟರ್ ಒಬ್ಬ ಬಂದ. ಅವನ ಮಾತೂ ಸ್ಪ್ಯಾನಿಷ್. ನಿಮ್ಮ ಭಾಷೆಯ ಭಕ್ತಿಗೀತೆಗಳು ನಮ್ಮಲ್ಲಿ ಮನೆಮಾತಾಗಿವೆ ಎಂದು ಹೆಮ್ಮೆಯಿಂದ ಅವನ ಕಿವಿಗೆ ವಾಕ್‌ಮನ್ ಸಿಕ್ಕಿಸಿದೆ. ಅವನು ಮೊದಲು ನಿಂತು ನಕ್ಕ, ಆಮೇಲೆ ಕುರ್ಚಿ ಹಿಡಿದು ನಕ್ಕ. ಬಿ ಸೈಡಿನಲ್ಲಿ ಇದ್ದದ್ದೆಲ್ಲ ಸಾರಾಯಿ ಅಂಗಡಿಯಂತೆ. ಮೊದಲ ಹಾಡಿನಲ್ಲಿ ಗಾಯಕ ಇನ್ನೊಂದು ಗ್ಲಾಸು ಕೇಳುತ್ತಾನೆ, ಎರಡನೆಯದರಲ್ಲಿ ಬಾಟಲಿಯನ್ನೇ ಕೇಳುತ್ತಾನೆ. ಸಿಪ್ರಿಯನ್ ಅಂಕಲ್ ಕಣ್ಣೊರೆಸಿಕೊಂಡ ಮೂರನೆಯ ಹಾಡಿನಲ್ಲಿ ಅವನ ಪ್ರೇಯಸಿ ಲಾರಿ ಡ್ರೈವರನ ಜೊತೆ ಓಡಿಹೋಗುತ್ತಾಳೆ. ಆತ್ಮ ಕಳಚಿದ್ದು ಲೋಕದ ಮೋಹವನ್ನಲ್ಲ, ಬೇರೆ ಏನನ್ನೋ. ಅದನ್ನು ಇಲ್ಲಿ ಬರೆಯಲಾರೆ. ಹಾಗಾದರೆ ಎ ಸೈಡು? ನಾನು ಪಾಪವೆಂದು ಮುಟ್ಟದೆ ಬಿಟ್ಟದ್ದರಲ್ಲಿ ಇದ್ದದ್ದು ಊರಿನ ಸಂತರ ಹಬ್ಬಕ್ಕೆ ಹೊರಟ ಜನ ದೇವರಿಗೆ ವಂದನೆ ಹೇಳುವ ಹಾಡು.

ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಹೆದರಿದ್ದೆ, ನಾಚಿಕೆಯೂ ಆಗಿತ್ತು. ಹೇಳಿಬಿಟ್ಟರೆ ಸಿಪ್ರಿಯನ್ ಅಂಕಲ್ಲರ ಜಾಗ ಹೋಯಿತು. ಹೇಳದಿದ್ದರೆ ಗುಡ್ ಫ್ರೈಡೆಯ ದಿನ, ಅದೂ ನಮ್ಮ ಮನೆಯಲ್ಲೇ, ಸಾರಾಯಿ ಅಂಗಡಿ. ಧೈರ್ಯವಂತರು ಇಂಥಲ್ಲಿ ಸತ್ಯ ಹೇಳುತ್ತಾರೆ. ನಾನು ಪೆನ್ಸಿಲ್ ತೂರಿಸಿ ಕ್ಯಾಸೆಟ್ಟಿನ ಟೇಪನ್ನು ಹೊರಗೆಳೆದು ಶ್ಯಾವಿಗೆ ಮಾಡಿಟ್ಟೆ. ಶುಕ್ರವಾರ ಎಲ್ಲರೂ ಸೇರಿದಾಗ ದುಃಖದ ಮುಖ ಹೊತ್ತು, ಮೆಷಿನ್ ಟೇಪನ್ನು ತಿಂದುಹಾಕಿತು ಎಂದೆ. ಸಿಪ್ರಿಯನ್ ಅಂಕಲ್ ಜುಬ್ಬಾದ ಜೇಬಿಗೆ ಕೈ ಹಾಕಿದರು. "ಬೇಜಾರು ಮಾಡಬೇಡ ಮಗಾ, ನೀನು ಕೊಟ್ಟದ್ದು ನನ್ನ ಹತ್ರ ಉಂಟು." ಉಳಿದ ಮೂರು ಮನೆಯವರೂ ತಮ್ಮ ತಮ್ಮ ಪ್ರತಿ ತಂದಿದ್ದರು. ಲಾರಿ ಡ್ರೈವರ್ ಬಂದ, ಪ್ರೇಯಸಿ ಹೊರಟಳು, ಹನ್ನೆರಡು ಮಂದಿ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕುಳಿತರು. ನನಗೆ ಧಾರಾಕಾರ ಬೆವರು. ಅದನ್ನೂ ಭಕ್ತಿಯೆಂದೇ ತಿಳಿದ ಸಿಪ್ರಿಯನ್ ಅಂಕಲ್ ನನ್ನ ತಲೆಯ ಮೇಲೆ ಕೈಯಿಟ್ಟು, ಮುಂದೆ ಜಪಮಾಲೆ ಹೇಳಿಸುವವನು ಇವನೇ ಎಂದು ಸಾರಿದರು. ನನ್ನ ಆಸೆ ಈಡೇರಿತು. ಅಷ್ಟು ಕೆಟ್ಟದಾಗಿ ಯಾವ ಆಸೆಯೂ ಈಡೇರಬಾರದು.

ಈಸ್ಟರ್ ಕಳೆಯಿತು. ಮರುದಿನ ಆಫೀಸಿನಿಂದ ಬಂದವನೇ, ಇನ್ನು ತಡೆಯಲಾರೆನೆಂದು ಸೆವ್ರಿನಳ ಮುಂದೆ ಎಲ್ಲವನ್ನೂ ಒಪ್ಪಿಸಿದೆ: ಸಾರಾಯಿ, ಬಾಟಲಿ, ಲಾರಿ, ಶ್ಯಾವಿಗೆ. ಆಕೆ ಸಿಡಿದೇಳುತ್ತಾಳೆಂದು ಕಾದೆ. ಆಕೆ ನಿಧಾನವಾಗಿ ಚಹಾ ಬಗ್ಗಿಸಿದಳು.

"ನನಗೆ ಮೊದಲ ವಾರವೇ ಗೊತ್ತಿತ್ತು. ನಮ್ಮ ಆಸ್ಪತ್ರೆಯ ಸ್ಪೇನಿನ ಡಾಕ್ಟರಮ್ಮನಿಗೆ ಕೇಳಿಸಿದ್ದೆ."

ಹಾಗಾದರೆ ಆ ಕಣ್ಣೀರು ಎಂದು ತೊದಲಿದೆ. ನಗು ತಡೆದು ತಡೆದು ಬಂದದ್ದಂತೆ; ಮೂರನೆಯ ಹಾಡಿಗೆ ನಾನು ಕೊಟ್ಟ ವ್ಯಾಖ್ಯಾನಕ್ಕೆ ಪಕ್ಕೆಲುಬು ನೋವು ಬಂದಿತ್ತಂತೆ. ನನಗೆ ನಿಜಕ್ಕೂ ಸಿಟ್ಟು ಬಂತು. ಗಂಡ ಇಡೀ ಸೌದಿಯ ಮುಂದೆ ಮೂರ್ಖನಾಗುತ್ತಿರುವಾಗ ಒಂದು ಮಾತು ಹೇಳಬಾರದಿತ್ತೆ ಎಂದು ಕೇಳಿದೆ.

"ಹೇಗೆ ಹೇಳುವುದು? ತಪಸ್ಸಿನ ಕಾಲಕ್ಕೆ ನನಗೂ ಪ್ರಿಯವಾದದ್ದು ಒಂದನ್ನು ಬಿಡಬೇಕಿತ್ತಲ್ಲ. ನಿಮ್ಮ ತಪ್ಪು ಎತ್ತಿ ಆಡುವುದನ್ನು ಬಿಟ್ಟಿದ್ದೆ" ಎಂದಳು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಹರಕೆ ನಿನ್ನೆಗೆ ಮುಗಿಯಿತು ಎಂದು ಹೇಳಿ, ತಪಸ್ಸಿನ ಕಾಲದ ಮೊದಲ ದಿನವಾದ ವಿಭೂತಿ ಬುಧವಾರದ ಬೆಳಗಿನಿಂದ ಶುರು ಮಾಡಿದಳು. ಆಕೆ ಎರಡನೆಯ ವಾರಕ್ಕೆ ಬರುವಷ್ಟರಲ್ಲಿ ನನ್ನ ಚಹಾ ಆರಿತ್ತು. ನಾನು ತಲೆ ತಗ್ಗಿಸಿ, ಎದೆಯ ಮೇಲೆ ಕೈಯಿಟ್ಟು ಕೇಳುತ್ತಿದ್ದೆ. ಈ ಸಲ ಪ್ರತಿಯೊಂದು ಮಾತೂ ಅರ್ಥವಾಗುತ್ತಿತ್ತು.